ಒಂದೇ ಮದನಿಕೆ, ಒಂದು ಗಂಟೆ: ಬೇಲೂರಿನಲ್ಲಿ ನಿಂತು ನೋಡುವ ಬಗೆ

ಮೊದಲ ಸಲ ಬೇಲೂರಿನ ಚೆನ್ನಕೇಶವ ಗುಡಿಗೆ ಹೋದಾಗ ನಮ್ಮ ಗುಂಪಿಗೆ ಸಿಕ್ಕಿದ್ದು ನಲವತ್ತು ನಿಮಿಷ. ಗೈಡ್ ಕೈ ತೋರಿಸಿದ ಕಡೆಯೆಲ್ಲ ತಲೆ ಎತ್ತಿದೆವು. ದರ್ಪಣ ಸುಂದರಿ, ಶುಕಭಾಷಿಣಿ, ಸೀರೆ ಎಳೆಯುವ ಕೋತಿ. ಹೆಸರು ಕೇಳಿದೆವು, ಫೋಟೋ ತೆಗೆದೆವು, ಮುಂದೆ ನಡೆದೆವು. ಹಳೇಬೀಡಿನ ಕಡೆ ಹೊರಟ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತೆ. ಒಂದು ಮುಖವೂ ನೆನಪಿಗೆ ಬರಲಿಲ್ಲ. ಆ ಖಾಲಿತನ ತುಂಬಾ ದಿನ ಕಾಡಿತು.

ಆಮೇಲೆ ಹೋದಾಗಲೆಲ್ಲ ಒಂದು ನಿಯಮ ಇಟ್ಟುಕೊಂಡೆ: ಒಂದೇ ಮದನಿಕೆ, ಒಂದು ಗಂಟೆ. ಮದನಿಕೆ ಅಂದರೆ ಗುಡಿಯ ಸೂರಿನ ಕೆಳಗೆ ಕೂರಿಸಿರುವ ಹೆಣ್ಣಿನ ಶಿಲ್ಪ. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಶಿಲ್ಪಶಾಸ್ತ್ರ ಗೊತ್ತಿರಬೇಕಾಗಿಲ್ಲ. ಧ್ಯಾನ ಮಾಡಿ ಅಭ್ಯಾಸ ಇರಬೇಕು ಅಂತಲೂ ಇಲ್ಲ. ಬೇಸರ ಬಂದಾಗ ಜಾಗ ಬಿಟ್ಟು ಕದಲದಷ್ಟು ಹಠ ಇದ್ದರೆ ಸಾಕು.

ಅವಸರದ ನೋಟ ನಮ್ಮೂರಿನ ಪ್ರವಾಸಿಗಳಿಗೆ ಮಾತ್ರ ಅಂಟಿದ್ದಲ್ಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಅಳೆದಿದ್ದಾರೆ. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಂದ ಸರಾಸರಿ ಸುಮಾರು 27 ಸೆಕೆಂಡು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಕಲಿಸುವ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಚಿತ್ರದ ಮುಂದೆ ಮೂರು ಗಂಟೆ ಕೂರಲು ಹೇಳುತ್ತಾರೆ. ನಾನು ಒಂದು ಗಂಟೆ ಅಷ್ಟೇ ಕೇಳುತ್ತಿದ್ದೇನೆ.

ಹೋಗುವ ಮೊದಲು

ಬೇಲೂರು, ಹಳೇಬೀಡು ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ನಡುವೆ ಇರುವುದು ಬರೀ 16 ಕಿಲೋಮೀಟರ್, ಆಸೆ ಆಗುವುದು ಸಹಜ. ಆದರೂ ಬೇಡ. ಹಾಸನದಲ್ಲೋ ಬೇಲೂರಿನಲ್ಲೋ ರಾತ್ರಿ ಉಳಿದು, ಬೆಳಿಗ್ಗೆ ಬೇಗ ಗುಡಿಗೆ ಹೋಗಿ. ಬಸ್ಸುಗಳು ಬಂದು ನಿಲ್ಲುವ ಮೊದಲು ಅಂಗಳ ನಿಮ್ಮದೇ ಅನ್ನಿಸುತ್ತದೆ. ಶನಿವಾರ, ಭಾನುವಾರ ತಪ್ಪಿಸಿದರೆ ಇನ್ನೂ ಒಳ್ಳೆಯದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ರಜೆ ದಿನ ಅಲ್ಲಿ ನಿಲ್ಲಲು ಜಾಗ ಹುಡುಕಬೇಕು.

ಜೊತೆಗೆ ಮೂರು ವಸ್ತು ಇರಲಿ. ಮೊದಲನೆಯದು ದಪ್ಪ ಕಾಲುಚೀಲ. ಗುಡಿ ನಿಂತಿರುವ ಜಗತಿಯ, ಅಂದರೆ ಎತ್ತರದ ಕಲ್ಲಿನ ಕಟ್ಟೆಯ, ಮೇಲೆ ಚಪ್ಪಲಿ ಹಾಕುವಂತಿಲ್ಲ. ಹತ್ತು ಗಂಟೆ ದಾಟಿದರೆ ಕಲ್ಲು ಕಾವಲಿಯಂತೆ ಕಾಯುತ್ತದೆ, ಪಾದ ಸುಡುವಾಗ ಯಾರಿಗೂ ಏನನ್ನೂ ನೋಡಲು ಆಗುವುದಿಲ್ಲ. ಎರಡನೆಯದು ಸಣ್ಣ ಬೈನಾಕ್ಯುಲರ್. ಮದನಿಕೆಯರು ಗೋಡೆಯ ಮೇಲ್ಭಾಗದಲ್ಲಿ, ಚಾಚಿದ ಸೂರಿನ ಕೆಳಗೆ ಇದ್ದಾರೆ. ಬರಿಗಣ್ಣಿಗೆ ಅವರ ಬೆರಳಿನ ಉಗುರು ಕಾಣುವುದಿಲ್ಲ. ಮೂರನೆಯದು ಒಂದು ಪೆನ್ಸಿಲ್, ಒಂದಿಷ್ಟು ಕಾಗದ.

ಓದಿಕೊಂಡು ಹೋಗಬೇಕಾ? ನನ್ನ ಅಭಿಪ್ರಾಯ: ಬೇಡ, ಬಂದ ಮೇಲೆ ಓದಿ. ಮೊದಲೇ ಓದಿದರೆ ಕಣ್ಣು ಓದಿದ್ದನ್ನೇ ಹುಡುಕುತ್ತದೆ. ಸಿಕ್ಕ ತಕ್ಷಣ ಕೆಲಸ ಮುಗಿಯಿತು ಅಂತ ಮುಂದೆ ಹೋಗಿಬಿಡುತ್ತದೆ.

ಮೊದಲು ಸುಮ್ನೆ ಒಂದು ಸುತ್ತು

ಒಳಗೆ ಹೋದ ತಕ್ಷಣ ಯಾವುದನ್ನೂ ನಿಂತು ನೋಡಬೇಡಿ. ಚೆನ್ನಕೇಶವ ಗುಡಿಯನ್ನು ಜಗತಿಯ ಮೇಲೆ ಒಂದು ಪೂರ್ತಿ ಸುತ್ತು ಬನ್ನಿ. ಮೊಬೈಲ್ ಜೇಬಿನಲ್ಲೇ ಇರಲಿ. ಗೋಡೆ ಹಿಂದೆ ಸರಿಯುತ್ತದೆ, ಮುಂದೆ ಬರುತ್ತದೆ, ಮತ್ತೆ ಮೂಲೆ ತಿರುಗುತ್ತದೆ. ಜಗತಿಯ ಅಂಚೂ ಅದೇ ಮಡಿಕೆಗಳನ್ನು ಅನುಸರಿಸುತ್ತದೆ. ಅಂದರೆ ನಿಮ್ಮ ನಡಿಗೆಯೇ ಗುಡಿಯ ಆಕಾರವನ್ನು ಹಿಡಿಯುತ್ತದೆ. ಕೆಳಗಿನ ಸಾಲಿನಲ್ಲಿ ಆನೆಗಳು ನಿಮ್ಮ ಜೊತೆಗೇ ನಡೆಯುತ್ತವೆ, ಸುಮಾರು 650 ಇವೆ. ಎಣಿಸಬೇಡಿ, ಅವುಗಳ ಜೊತೆ ಹೆಜ್ಜೆ ಹಾಕಿ ಸಾಕು.

ಈ ಸುತ್ತಿನಿಂದ ಆಸೆ ಸ್ವಲ್ಪ ಇಳಿಯುತ್ತದೆ. "ಅಲ್ಲಿ ಏನಿದೆಯೋ" ಅನ್ನುವ ತುಡಿತ ಉಳಿದಿದ್ದರೆ ಒಂದು ಕಡೆ ನಿಂತರೂ ಮನಸ್ಸು ಮುಂದಿನ ಮೂಲೆಯಲ್ಲೇ ಇರುತ್ತದೆ.

ಒಬ್ಬಳನ್ನು ಆರಿಸಿ

ಮದನಿಕೆಯರು ಒಟ್ಟು 42. ಹೊರಗೆ 38, ಒಳಗೆ ನಾಲ್ಕು. ದರ್ಪಣ ಸುಂದರಿಯ ಕೆಳಗೆ ಸದಾ ಜನ ಇರುತ್ತಾರೆ. ಅವಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಗೈಡ್‌ಗಳು ನಿಲ್ಲದೆ ಹೋಗುವ ಒಬ್ಬಳನ್ನು ಆರಿಸಿ. ಹೇಗೆ ಆರಿಸುವುದು ಅಂದರೆ, ಸುತ್ತುವಾಗ ಯಾರ ಹತ್ತಿರ ಹೆಜ್ಜೆ ಒಂದು ಕ್ಷಣ ನಿಧಾನವಾಯಿತೋ ಅವಳೇ. ಕಾರಣ ಹುಡುಕಬೇಡಿ, ಕಾರಣ ಆಮೇಲೆ ತಾನಾಗಿ ಸಿಗುತ್ತದೆ.

ನಾನು ಆರಿಸಿಕೊಂಡಿದ್ದು ಕೈಯಲ್ಲಿ ವಾದ್ಯ ಹಿಡಿದು ಕುಣಿಯುವ ಒಬ್ಬಳನ್ನು. ಅವಳಿಗೊಂದು ಪ್ರಸಿದ್ಧ ಹೆಸರು ಇಲ್ಲ. ಕಾಲ ಬಳಿ ಪುಟ್ಟ ವಾದ್ಯಗಾರರು, ತಲೆಯ ಮೇಲೆ ಬಳ್ಳಿಯ ಚಪ್ಪರ.

ಅವಳ ಕೆಳಗೆ ನೇರವಾಗಿ ನಿಲ್ಲಬೇಡಿ. ಐದು ನಿಮಿಷದಲ್ಲಿ ಕತ್ತು ಹಿಡಿಯುತ್ತದೆ. ಜಗತಿಯ ಅಂಚಿಗೆ ಬನ್ನಿ, ಇಲ್ಲವೇ ಕೆಳಗಿಳಿದು ಅಂಗಳದಲ್ಲಿ ನಿಲ್ಲಿ. ದೂರ ಹೋದಷ್ಟೂ ನೋಟ ಮಟ್ಟಕ್ಕೆ ಬರುತ್ತದೆ, ಆಗ ಅವಳ ಮುಖ ಕಾಣುತ್ತದೆ. ಮದನಿಕೆಯ ಕಲ್ಲನ್ನು ಓರೆಯಾಗಿ ಕೂರಿಸಿದ್ದಾರೆ. ಮೇಲ್ಭಾಗ ಹೊರಗೆ ಬಾಗಿದೆ. ಹಾಗಾಗಿ ಅವಳು ಕೆಳಗಿರುವ ನಮ್ಮ ಕಡೆಗೇ ಬಗ್ಗಿದ್ದಾಳೆ. ಇದನ್ನು ಗಮನಿಸಿದ ದಿನ ನನ್ನ ಮೈ ಜುಮ್ಮೆಂದಿತು.

ಪಾದದಿಂದ ಶುರು ಮಾಡಿ

ನೋಡುವ ಮೊದಲು ಎರಡು ನಿಮಿಷ ನಿಮ್ಮ ಕಡೆ ಗಮನ ಕೊಡಿ. ಎರಡೂ ಪಾದದ ಮೇಲೆ ಸಮವಾಗಿ ಭಾರ ಹಾಕಿ. ಕಲ್ಲಿನ ತಂಪೋ ಬಿಸಿಯೋ ಪಾದಕ್ಕೆ ತಿಳಿಯಲಿ. ದವಡೆ ಬಿಗಿ ಹಿಡಿದಿದ್ದರೆ ಸಡಿಲ ಬಿಡಿ. ಹತ್ತು ಉಸಿರು ಎಣಿಸಿ, ಉಸಿರು ಬಿಡುವಾಗ ಮಾತ್ರ ಎಣಿಕೆ. ನಡುವೆ ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಕಣ್ಣು ಮುಚ್ಚಬೇಕಿಲ್ಲ. ಎದುರಿನ ಕಲ್ಲಿನ ಮೇಲೆ ಎಲ್ಲಾದರೂ ಇಟ್ಟುಕೊಂಡಿರಿ.

ಇದು ಜೀವಂತ ಗುಡಿ, ನೆನಪಿರಲಿ. ಪೂಜೆ ನಡೆಯುತ್ತದೆ, ಗಂಟೆ ಹೊಡೆಯುತ್ತದೆ, ಯಾರೋ ಮಗುವನ್ನು ಕರೆಯುತ್ತಾರೆ. ಶಬ್ದದ ಜೊತೆ ಜಗಳ ಬೇಡ. ಕೇಳಿಸಲಿ, ಹೋಗಲಿ. ದರ್ಶನಕ್ಕೆ ಹೋಗುವವರ ದಾರಿಗೆ ಅಡ್ಡ ಮಾತ್ರ ನಿಲ್ಲಬಾರದು.

ಕಣ್ಣನ್ನು ನಿಧಾನಕ್ಕೆ ನಡೆಸಿ

ಮೊದಲ ಹತ್ತು ನಿಮಿಷ ಕಣ್ಣಿಗೆ ಕೆಲಸ ಕೊಡಿ. ಖಾಲಿ ಬಿಟ್ಟರೆ ಅದು ಮುಖದಿಂದ ಒಡವೆಗೆ, ಒಡವೆಯಿಂದ ಮುಖಕ್ಕೆ ಹಾರುತ್ತಿರುತ್ತದೆ.

ಮೊದಲು ಹೊರಗೆರೆ ಹಿಡಿಯಿರಿ. ತಲೆಯ ಮೇಲಿಂದ ಭುಜ, ಮೊಣಕೈ, ಸೊಂಟ, ಮಂಡಿ, ಪಾದ. ಇರುವೆಯೊಂದು ಆ ಅಂಚಿನ ಮೇಲೆ ನಡೆದರೆ ಎಷ್ಟು ಹೊತ್ತು ಬೇಕೋ ಅಷ್ಟು ನಿಧಾನಕ್ಕೆ. ಒಂದು ಬದಿ ಇಳಿದು ಇನ್ನೊಂದು ಬದಿ ಹತ್ತಿ.

ಆಮೇಲೆ ಭಾರ ಎಲ್ಲಿದೆ ಅಂತ ಕೇಳಿ. ಯಾವ ಕಾಲು ಮೈಯನ್ನು ಹೊತ್ತಿದೆ, ಯಾವುದು ಬರೀ ತಾಗಿ ನಿಂತಿದೆ? ಹೊತ್ತ ಕಾಲಿನ ಕಡೆ ಸೊಂಟ ಏರಿರುತ್ತದೆ. ಅದನ್ನು ಸರಿದೂಗಿಸಲು ಭುಜ ಇನ್ನೊಂದು ಕಡೆ ವಾಲುತ್ತದೆ, ತಲೆ ಮತ್ತೆ ತಿರುಗುತ್ತದೆ. ತ್ರಿಭಂಗಿ ಅನ್ನುವುದು ಇದಕ್ಕೇ. ಹೆಸರಿಗಿಂತ ಆ ಭಾರ ಹೇಗೆ ಕಾಲಿನಿಂದ ತಲೆವರೆಗೆ ಹರಿಯುತ್ತದೆ ಅನ್ನುವುದನ್ನು ಹಿಂಬಾಲಿಸಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ: ಖಾಲಿ ಜಾಗ ನೋಡಿ. ಮಡಿಚಿದ ಕೈಗೂ ಮೈಗೂ ನಡುವೆ ಒಂದು ಸಂದು ಇದೆ. ಅಲ್ಲಿ ಕಲ್ಲು ಇತ್ತು. ಉಳಿಯಿಂದ ಚೂರು ಚೂರೇ ತೆಗೆದು ಒಳಗೆ ಗಾಳಿ ಬಿಟ್ಟಿದ್ದಾರೆ. ಒಂದು ಏಟು ಜೋರಾಗಿ ಬಿದ್ದಿದ್ದರೆ ಕೈಯೇ ಹೋಗುತ್ತಿತ್ತು. ನನ್ನ ಮದನಿಕೆಯ ಮೊಣಕೈ ಹಿಂದಿನ ಸಂದಿನಲ್ಲಿ ಒಂದು ಸಣ್ಣ ತ್ರಿಕೋನದಷ್ಟು ಕತ್ತಲೆ ಇದೆ. ಅದನ್ನೇ ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೇನೆ. ಆ ಕತ್ತಲೆ ಇಲ್ಲದಿದ್ದರೆ ಕೈ ಗೋಡೆಗೆ ಅಂಟಿಕೊಂಡಿರುತ್ತಿತ್ತು, ಅವಳು ಕುಣಿಯುತ್ತಿರಲಿಲ್ಲ.

ಕಲ್ಲಿನ ಬಗ್ಗೆ ಇಷ್ಟು ಗೊತ್ತಿದ್ದರೆ ಸಹಾಯ ಆಗುತ್ತದೆ. ಇದು ಬಳಪದ ಕಲ್ಲು. ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ ಗೀಚಿದ ಬಳಪ ನೆನಪಿದೆಯಲ್ವಾ? ಅದೇ ಜಾತಿ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಕ್ರಮೇಣ ಗಟ್ಟಿಯಾಗುತ್ತದೆ. ಅದಕ್ಕೇ ಮರ ಕೆತ್ತಿದಷ್ಟು, ಚಿನ್ನದ ಕೆಲಸದಷ್ಟು ಸೂಕ್ಷ್ಮ ಇಲ್ಲಿ ಸಾಧ್ಯವಾಯಿತು.

ಇಷ್ಟಾದ ಮೇಲೆ ಬೈನಾಕ್ಯುಲರ್ ತೆಗೆಯಿರಿ. ಒಂದು ಕೈ, ಅಷ್ಟೇ. ಐದು ಬೆರಳು ಐದು ಬೇರೆ ಬೇರೆ ಕೆಲಸ ಮಾಡುತ್ತಿರುತ್ತವೆ. ಬಳೆಯ ಅಂಚು, ಅದರ ಕೆಳಗಿನ ನೆರಳು, ಮುರಿದಿರುವ ಜಾಗ. ಮುರಿದಿದ್ದನ್ನೂ ನೋಡಿ. ಅದನ್ನು ಮನಸ್ಸಿನಲ್ಲಿ ಜೋಡಿಸಿ ಸರಿ ಮಾಡಲು ಹೋಗಬೇಡಿ.

ಬೇಸರ ಬಂದಾಗ

ಹದಿನೈದನೇ ನಿಮಿಷದ ಹತ್ತಿರ ಬೇಸರ ಬರುತ್ತದೆ. ನನಗೆ ಪ್ರತಿ ಸಲವೂ ಬಂದಿದೆ. ನೋಡಿದ್ದಾಯಿತು, ಇನ್ನೇನಿದೆ ಅನ್ನಿಸುತ್ತದೆ. ಕಾಲು ನೋಯುತ್ತದೆ. ಕಾಫಿ ನೆನಪಾಗುತ್ತದೆ. ಆಫೀಸಿನ ಒಂದು ಮಾತು, ಕಟ್ಟಬೇಕಾದ ಬಿಲ್ಲು, ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನಾ ಅನ್ನುವ ಅನುಮಾನ.

ಇಡೀ ಅಭ್ಯಾಸದ ತಿರುಳು ಇಲ್ಲೇ ಇದೆ. ಹಾಗಾಗಿ ಇದೊಂದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಯೋಚನೆ ಬಂದಾಗ ಅದನ್ನು ತಳ್ಳಬೇಡಿ. ಒಂದು ಪದದಲ್ಲಿ ಹೆಸರಿಡಿ: "ಬಿಲ್ಲು." "ಕಾಫಿ." ಅಷ್ಟೇ ಸಾಕು. ಆಮೇಲೆ ಮೊದಲೇ ಗೊತ್ತು ಮಾಡಿಕೊಂಡ ಒಂದು ಜಾಗಕ್ಕೆ ವಾಪಸ್ ಬನ್ನಿ. ನನಗೆ ಅದು ಅವಳ ಹೆಬ್ಬೆರಳು. ಇಡೀ ಶಿಲ್ಪಕ್ಕೆ ವಾಪಸ್ ಬರುವುದು ಕಷ್ಟ, ಅದು ದೊಡ್ಡದು. ಒಂದು ಹೆಬ್ಬೆರಳಿಗೆ ಬರುವುದು ಸುಲಭ. ಅಲ್ಲಿಂದ ಮಣಿಕಟ್ಟು, ಮಣಿಕಟ್ಟಿನಿಂದ ಮೊಣಕೈ, ಹಾಗೇ ಮತ್ತೆ ಇಡೀ ಮೈ. ಒಂದು ಗಂಟೆಯಲ್ಲಿ ನಲವತ್ತು ಸಲ ಮನಸ್ಸು ಹೋದರೆ ನಲವತ್ತು ಸಲ ಹೆಬ್ಬೆರಳಿಗೆ ಬನ್ನಿ. ಹೋಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಬೇಸರ ಬಂತು ಅಂದರೆ ಮೊದಲೇ ತಲೆಯಲ್ಲಿದ್ದ ಪದಗಳೆಲ್ಲ ಖರ್ಚಾದವು ಅಂತ ಅರ್ಥ. ಚೆಂದ, ಅದ್ಭುತ, ಎಷ್ಟು ಸೂಕ್ಷ್ಮ. ಇವು ನಾವು ಮನೆಯಿಂದಲೇ ತಂದ ಪದಗಳು. ಅವು ಮುಗಿದ ಮೇಲೆ ಕೆಲವು ನಿಮಿಷ ಏನೂ ಇರುವುದಿಲ್ಲ. ಆ ಖಾಲಿಯಲ್ಲಿ ನಿಂತಿದ್ದರೆ ಎದುರಿಗಿರುವುದು ತಾನಾಗಿ ಮುಂದೆ ಬರುತ್ತದೆ. ಒಂದು ಸಲ ಹೀಗೇ ನಿಂತಿದ್ದಾಗ, ಅವಳ ಕಾಲ ಬಳಿಯ ಪುಟ್ಟ ವಾದ್ಯಗಾರ ತಲೆ ಎತ್ತಿ ಅವಳ ಕಡೆ ನೋಡುತ್ತಿರುವುದು ಕಂಡಿತು. ತಾಳಕ್ಕಾಗಿ ಅವಳ ಹೆಜ್ಜೆಯನ್ನು ಕಾಯುತ್ತಿರುವ ಹಾಗೆ. ಅದು ಅಷ್ಟು ಹೊತ್ತೂ ಅಲ್ಲೇ ಇತ್ತು. ನಾನು ಮೂರನೇ ಸಲ ಬಂದಿದ್ದೆ ಅಲ್ಲಿಗೆ.

ನಿಮ್ಮ ಮೈಯಲ್ಲಿ ನಿಂತು ನೋಡಿ

ಸುತ್ತ ಜನ ಕಡಿಮೆ ಇದ್ದರೆ ಅಲ್ಲೇ, ಸಂಕೋಚ ಆದರೆ ರೂಮಿಗೆ ಹೋದ ಮೇಲೆ, ಅವಳ ಹಾಗೆ ನಿಲ್ಲಿ. ಭಾರ ಒಂದು ಕಾಲಿಗೆ, ಸೊಂಟ ಹೊರಗೆ, ಭುಜ ಎದುರು ಕಡೆಗೆ, ಕತ್ತು ಮತ್ತೆ ಈ ಕಡೆಗೆ. ಅರ್ಧ ನಿಮಿಷದಲ್ಲಿ ತೊಡೆ ನಡುಗುತ್ತದೆ, ಸೊಂಟದ ಬದಿಯಲ್ಲಿ ಒಂದು ಸೆಳೆತ ಶುರುವಾಗುತ್ತದೆ. ಈಗ ಮತ್ತೆ ಅವಳನ್ನು ನೋಡಿ. ನೀವು ಹಿಡಿಯಲಾಗದ ಭಂಗಿಯಲ್ಲಿ ಅವಳು ನಗುಮುಖದಲ್ಲಿ ನಿಂತಿದ್ದಾಳೆ. ಭರತನಾಟ್ಯ ಕಲಿತವರಿಗೆ ಇದು ಬೇಗ ಸಿಗುತ್ತದೆ. ಕಲಿಯದವರಿಗೂ ಮಂಡಿ, ಬೆನ್ನು ಪಾಠ ಹೇಳುತ್ತವೆ.

ಬೆಳಕು ಬದಲಾಗುವವರೆಗೆ ಇರಿ

ಕಲ್ಲು ಕದಲುವುದಿಲ್ಲ, ಬೆಳಕು ಕದಲುತ್ತದೆ. ಒಂದು ಗಂಟೆ ಕೇಳಿದ್ದಕ್ಕೆ ಇದೂ ಒಂದು ಕಾರಣ.

ಗುಡಿಯ ಮುಖ್ಯ ಬಾಗಿಲು ಪೂರ್ವಕ್ಕಿದೆ. ಬೆಳಗಿನ ಬಿಸಿಲು ಆ ಕಡೆಯವರ ಮೇಲೆ ಓರೆಯಾಗಿ ಬಿದ್ದು, ಒಂದೊಂದು ಮಣಿಗೂ ನೆರಳು ಕೊಡುತ್ತದೆ. ಹೊತ್ತು ಏರಿದ ಹಾಗೆ ಸೂರಿನ ನೆರಳು ಇಳಿದು ಮುಖವನ್ನು ಮುಚ್ಚುತ್ತದೆ. ಮುಚ್ಚಿದ ಮೇಲೆ ಹೊರಟುಬಿಡಬೇಡಿ. ಸ್ವಲ್ಪ ಕಾದರೆ ಜಗತಿಯ ಹಾಸುಗಲ್ಲಿಗೆ ಬಿದ್ದ ಬಿಸಿಲು ಕೆಳಗಿನಿಂದ ಪುಟಿದು ಮೇಲಕ್ಕೆ ಹೋಗುತ್ತದೆ. ಗಲ್ಲದ ಕೆಳಭಾಗ, ಮೂಗಿನ ತುದಿ, ಕೈಯ ಒಳಮೈ ಮೆಲ್ಲಗೆ ಬೆಳಗುತ್ತವೆ. ದೀಪದ ಬೆಳಕಿನಲ್ಲಿ ರಂಗದ ಮೇಲೆ ನಿಂತವರ ಮುಖ ಕಾಣುವ ಹಾಗೆ. ಫೋಟೋಗಳಲ್ಲಿ ಇದು ಸಿಗುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ತಗ್ಗಿರುತ್ತಾನೆ. ಆಗ ದಕ್ಷಿಣದ ಕಡೆಯ ಮದನಿಕೆಯರಿಗೆ ಸೂರಿನ ಕೆಳಗೂ ಬಿಸಿಲು ತಲುಪುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಗುಡಿಯ ಉತ್ತರಕ್ಕೆ ಇರುತ್ತಾನೆ, ಉತ್ತರದ ಗೋಡೆ ನೋಡಬೇಕಾದರೆ ಆ ಕಾಲ. ಮಳೆಗಾಲದಲ್ಲೂ ಹೋಗಿ. ಮೋಡದ ಬೆಳಕಿನಲ್ಲಿ ನೆರಳು ಕರಗಿ, ಮೈಯ ದುಂಡು ಎದ್ದು ಬರುತ್ತದೆ. ನೆನೆದ ಬಳಪದ ಕಲ್ಲಿನ ಬಣ್ಣವೇ ಬೇರೆ.

ಪೆನ್ಸಿಲ್ ಮೊದಲು, ಫೋಟೋ ಕೊನೆಗೆ

ನಲವತ್ತು ನಿಮಿಷದ ನಂತರ ಕಾಗದ ತೆಗೆದು ಒಂದೇ ಒಂದು ಭಾಗ ಬರೆಯಿರಿ. ಕೈ, ಇಲ್ಲವೇ ಬಾಗಿದ ಸೊಂಟದ ಗೆರೆ. ಚಿತ್ರ ಚೆನ್ನಾಗಿ ಬರಬೇಕಿಲ್ಲ, ಯಾರಿಗೂ ತೋರಿಸುವುದಿಲ್ಲ. ಬರೆಯಲು ಹೊರಟಾಗ "ಈ ಬೆರಳು ಆ ಬೆರಳಿಗಿಂತ ಮೇಲಿದೆಯಾ ಕೆಳಗಿದೆಯಾ" ಅನ್ನುವ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಬೇಕಾದರೆ ಮತ್ತೆ ನೋಡಲೇಬೇಕು.

ಫೋಟೋ ಬೇಕೆಂದರೆ ಕೊನೆಗೆ ಒಂದು. ಅದೂ ಹತ್ತಿರದಿಂದ ಎಳೆದು, ಒಂದು ಭಾಗದ್ದು. ಇದಕ್ಕೆ ಆಧಾರ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಒಂದು ಮ್ಯೂಸಿಯಂನಲ್ಲಿ ಪ್ರಯೋಗ ಮಾಡಿದ್ದರು. ಫೋಟೋ ತೆಗೆದ ವಸ್ತುಗಳು ಜನರಿಗೆ ಕಡಿಮೆ ನೆನಪಿದ್ದವು, ಸುಮ್ನೆ ನೋಡಿದವು ಜಾಸ್ತಿ ನೆನಪಿದ್ದವು. ಆದರೆ ಒಂದು ಭಾಗವನ್ನು ಝೂಮ್ ಮಾಡಿ ತೆಗೆದಾಗ ಆ ಮರೆವು ಕಾಣಲಿಲ್ಲ. ಆಯ್ದು ನೋಡಬೇಕಾದಾಗ ಕಣ್ಣೂ ಕೆಲಸ ಮಾಡುತ್ತದೆ.

ಈಗ ಕಥೆ ಕೇಳಿ

ಒಂದು ಗಂಟೆ ಮುಗಿದ ಮೇಲೆ ಗೈಡ್ ಬೇಕಾದರೆ ಕರೆದುಕೊಳ್ಳಿ. ಈಗ ಅವರ ಮಾತು ಬೇರೆ ಥರ ಕೇಳಿಸುತ್ತದೆ, ನಿಮ್ಮ ಹತ್ತಿರ ಪ್ರಶ್ನೆಗಳಿರುತ್ತವೆ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಈ ಗುಡಿಯ ಪ್ರತಿಷ್ಠೆ ಮಾಡಿಸಿದ. ಜಕಣಾಚಾರಿಯ ಕಥೆಯನ್ನು ಖಂಡಿತ ಹೇಳುತ್ತಾರೆ, ಚೆಂದದ ಕಥೆ, ಕೇಳಿ. ಆದರೆ ಕಲ್ಲಿನ ಮೇಲೆ ಕೆತ್ತಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಸೇರಿದಂತೆ ಹಲವು ರೂವಾರಿಗಳು (ಶಿಲ್ಪಿಗಳು) ತಾವು ಮಾಡಿದ ಮದನಿಕೆಯರ ಬಳಿ ತಮ್ಮ ಹೆಸರು ಬರೆದಿದ್ದಾರೆ. ಬಳ್ಳಿಗಾವೆ ಇರುವುದು ಇವತ್ತಿನ ಶಿಕಾರಿಪುರ ತಾಲ್ಲೂಕಿನಲ್ಲಿ. ಅಲ್ಲಿಂದ ಅಪ್ಪ ಮಗ ಇಲ್ಲಿಗೆ ಬಂದು ಕಲ್ಲು ಕೆತ್ತಿದರು. ನಿಮ್ಮ ಮದನಿಕೆಯ ಕೆಳಗೆ ಅಕ್ಷರ ಇದೆಯಾ ಅಂತ ಬೈನಾಕ್ಯುಲರ್‌ನಲ್ಲಿ ಹುಡುಕಿ. ಹಳಗನ್ನಡ ಲಿಪಿ ಓದಲು ಬರದಿದ್ದರೂ ಒಂದೆರಡು ಅಕ್ಷರದ ಗುರುತು ಹತ್ತುತ್ತದೆ.

ಒಳಗಿನ ನವರಂಗಕ್ಕೆ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪಕ್ಕೆ) ಹೋದರೆ ತಕ್ಷಣ ಲೈಟ್ ಹಾಕಿಸಬೇಡಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಬೇಕು. ಜಾಲಂಧ್ರಗಳಿಂದ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗಳಿಂದ, ಬರುವ ಬೆಳಕಿನಲ್ಲಿ ಮೊದಲು ಕಂಬದ ಉರುಟು ಕಾಣುತ್ತದೆ, ಆಮೇಲೆ ಅದರ ಮೇಲಿನ ಉಂಗುರದಂಥ ಗೆರೆಗಳು, ತುಂಬಾ ತಡವಾಗಿ ತಲೆಯ ಮೇಲಿನ ನಾಲ್ವರು ಮದನಿಕೆಯರು. ಗರ್ಭಗುಡಿ ಮಧ್ಯಾಹ್ನ ಮುಚ್ಚುತ್ತಾರೆ, ಅದನ್ನು ಲೆಕ್ಕ ಇಟ್ಟುಕೊಂಡು ಹೋಗಿ.

ಬೇಲೂರು ದೂರ ಆದರೆ

ಇದೇ ವಿಧಾನ ಚಿತ್ರಕ್ಕೂ ನಡೆಯುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ಇದೆ. ಎಸ್. ಎಲ್. ಹಳದಣಕರ್ ತಮ್ಮ ಮಗಳನ್ನೇ ನಿಲ್ಲಿಸಿ ಬರೆದದ್ದು. ರವಿವರ್ಮನದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅಲ್ಲ. ಅಲ್ಲಿ ಎಲ್ಲರೂ ಮುಖ ನೋಡಿ, ದೀಪ ನೋಡಿ ಹೊರಡುತ್ತಾರೆ. ನೀವು ದೀಪಕ್ಕೆ ಮರೆಯಾಗಿ ಹಿಡಿದ ಕೈಯನ್ನು ಮಾತ್ರ ಹದಿನೈದು ನಿಮಿಷ ನೋಡಿ. ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಗೆ ಸೋರುತ್ತದೆ. ಇದು ಜಲವರ್ಣ. ಎಣ್ಣೆಬಣ್ಣದ ಹಾಗೆ ತಪ್ಪಿನ ಮೇಲೆ ಮತ್ತೊಂದು ಪದರ ಹಚ್ಚಿ ಮುಚ್ಚುವುದು ಇಲ್ಲಿ ಸುಲಭವಲ್ಲ. ಆ ಕೆಂಪು ಎಲ್ಲಿ ಶುರುವಾಗಿ ಎಲ್ಲಿ ಚರ್ಮದ ಬಣ್ಣವಾಗುತ್ತದೆ ಅಂತ ಗೆರೆ ಹುಡುಕಿ.

ಮಕ್ಕಳನ್ನು ಕರೆದುಕೊಂಡು ಹೋದರೆ ಹತ್ತು ನಿಮಿಷ ಸಾಕು. ಒಂದು ಶಿಲ್ಪ ತೋರಿಸಿ, ತಿರುಗಿ ನಿಲ್ಲಲು ಹೇಳಿ, ಕಂಡಿದ್ದನ್ನು ಹೇಳಿಸಿ. ಮತ್ತೆ ನೋಡಲಿ, ಮತ್ತೆ ಹೇಳಲಿ. ಎರಡನೇ ಸಲಕ್ಕೆ ಅವರು ನಿಮಗೆ ಕಾಣದ್ದನ್ನು ಹೇಳುತ್ತಾರೆ.

ಹೊರಡುವಾಗ

ನೋಡಿ ಮುಗಿದ ಮೇಲೆ ಇನ್ನೊಂದು ಶಿಲ್ಪಕ್ಕೆ ಹೋಗಬೇಡಿ. ಅಂಗಳದ ನೆರಳಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು, ಅವಳನ್ನು ಪಾದದಿಂದ ತಲೆವರೆಗೆ ನೆನಪಿನಲ್ಲಿ ಕಟ್ಟಿ. ಎಲ್ಲೋ ಒಂದು ಕಡೆ ಮಸುಕಾಗುತ್ತದೆ. ಎಡಗೈ ಎಲ್ಲಿತ್ತು? ಕಿವಿಯ ಓಲೆ ಹೇಗಿತ್ತು? ಎದ್ದು ಹೋಗಿ ಅದೊಂದನ್ನು ನೋಡಿ ಬನ್ನಿ. ಕಳೆದ ಸಲ ನನಗೆ ಮಸುಕಾಗಿದ್ದು ಅವಳ ಎತ್ತಿದ ಹಿಮ್ಮಡಿ. ವಾಪಸ್ ಹೋಗುವಷ್ಟರಲ್ಲಿ ಸೂರಿನ ನೆರಳು ಅವಳ ಮಂಡಿ ದಾಟಿ ಇಳಿದಿತ್ತು. ಬಿಸಿಲು ಇದ್ದದ್ದು ಆ ಪಾದದ ಮೇಲೆ ಮಾತ್ರ.